ಕೇಳಿಸದ ಸೂರಕ್ಕಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಬಟ್ಟೆ ಮಡಚಿ ಮಡಚಿ ಅವಳ ರಟ್ಟೆ ಬಿದ್ದುಹೋಗುತ್ತಿತ್ತು. ಅದನ್ನಾದರೂ ತಡೆದುಕೊಳ್ಳಬಹುದು, ಗಂಡನನ್ನು ತಡೆದುಕೊಳ್ಳುವುದು ಹೇಗೆ? ಹಿತ್ತಲಿನಿಂದ ಕೂಗಿದರೆ ಓ ಅನ್ನುವುದಿಲ್ಲ. ಒಲೆಯ ಮುಂದೆ ನಿಂತು ಕಷ್ಟವನ್ನೆಲ್ಲ ತೋಡಿಕೊಂಡು ತಿರುಗಿ ನೋಡಿದರೆ, ಮಹಾರಾಯ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಾನೆ. ಬೀದಿಯ ಮೆಕ್ಯಾನಿಕ್ ತನ್ನ ದಪ್ಪ ಗಂಟಲಿನಲ್ಲಿ ಕರೆದರೆ ಮಾತ್ರ ಎದ್ದು ಹೋಗಿ ಗಂಟೆಗಟ್ಟಲೆ ಹರಟುತ್ತಾನೆ. ಗೋಡೆಯ ಜೊತೆ ಸಂಸಾರ ಮಾಡಿ ಅವಳಿಗೆ ಸಾಕುಸಾಕಾಗಿತ್ತು. ಇನ್ನು ನಿನ್ನ ಜೊತೆಗೇ ಬಂದಿರುತ್ತೇನೆ ಎಂದು ತಂಗಿಗೆ ಹೇಳಿಯೂ ಆಗಿತ್ತು. ಇವನಿಗೆ ಹೇಳುವುದೊಂದು ಬಾಕಿ.

ಜೀವಮಾನವೆಲ್ಲ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ದುಡಿದವನಿಗೆ ಕೆಲಸ ಬಿಟ್ಟ ಮೇಲೆ ಹಕ್ಕಿಗಳ ಹುಚ್ಚು ಹಿಡಿದಿತ್ತು. ಮಗಳು ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಹೊರಗೆ ಕೂಗಿದ ಹಕ್ಕಿಯ ಹೆಸರು, ಚಿತ್ರ ಅದರಲ್ಲಿ ಮೂಡುತ್ತವೆ. ಮತ್ತೆ ಕೂಗಿದಾಗಲೆಲ್ಲ ಹೆಸರು ಮಿನುಗುತ್ತದೆ. ಹೆಂಡತಿಯ ಮಾತು ಬೇಡ, ಕಾಗೆಯ ಮಾತು ಬೇಕು ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಭಾನುವಾರ ಹೇಳಿಯೇಬಿಡೋಣ ಎಂದು ಬಂದರೆ, ಅವನು ಫೋನನ್ನು ತಟ್ಟುತ್ತ ಕೂತಿದ್ದ.

"ಇದು ಕೆಟ್ಟುಹೋಗಿದೆ ನೋಡು. ಕಾಗೆ ಸರಿ, ಪಾರಿವಾಳ ಸರಿ. ಸೂರಕ್ಕಿ ಸೂರಕ್ಕಿ ಅಂತ ಸುಮ್ಮನೆ ಮಿನುಗ್ತಿದೆ. ಎಲ್ಲಿದೆ ಸೂರಕ್ಕಿ?"

ಕಿಟಕಿಯಾಚೆಯ ಗಿಡದಲ್ಲಿ ಹೆಬ್ಬೆರಳಿನಷ್ಟು ಹಕ್ಕಿಯೊಂದು ಎಲೆಗಳ ಮರೆಯಲ್ಲಿ ಕೂತು ಸಣ್ಣ, ಚೂಪು ದನಿಯಲ್ಲಿ ಒಂದೇ ಸಮನೆ ಕಿಚಿಗುಟ್ಟುತ್ತಿತ್ತು. ಅವಳದೂ ಸಣ್ಣ ದನಿಯೇ. ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಪೀಪಿ ಎಂದೇ ಛೇಡಿಸುತ್ತಿದ್ದರು.

ಅವಳು ಅವನ ಬೆನ್ನ ಹಿಂದೆ ಹೋಗಿ ನಿಂತು, "ರೀ" ಎಂದಳು. ಅವನು ಅಲುಗಲಿಲ್ಲ. ಗಂಟಲು ದಪ್ಪ ಮಾಡಿಕೊಂಡು ಮತ್ತೊಮ್ಮೆ ಕರೆದಳು. ಥಟ್ಟನೆ ತಿರುಗಿದ. ಇಷ್ಟು ವರ್ಷದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವಳಿಗೆ ಅಳು ಬಂತು. ಪಕ್ಕದಲ್ಲಿ ಕುಸಿದು ಕೂತಳು.

"ಆ್ಯಪ್ ಸರಿಯಾಗೇ ಇದೆ ಕಣ್ರೀ. ಹಕ್ಕಿ ಅಲ್ಲೇ ಕೂಗ್ತಿದೆ. ಸಣ್ಣ ದನಿ ನಿಮಗೆ ಕೇಳಿಸ್ತಿಲ್ಲ ಅಷ್ಟೆ." ಅದೇ ದಪ್ಪ ದನಿಯಲ್ಲಿ ಕೇಳಿದಳು: "ಒಲೆ ಮುಂದೆ ನಿಂತು ದಿನಾ ನಿಮಗೆ ಹೇಳ್ತಿದ್ದೆನಲ್ಲ, ಅದೂ ಕೇಳಿಸ್ತಿರಲಿಲ್ವಾ?"

ಅವನು ಫೋನನ್ನು ಪಕ್ಕಕ್ಕಿಟ್ಟ.

"ನೀನು ನನ್ನ ಹತ್ರ ಮಾತಾಡ್ತಿದ್ಯಾ? ನಾನು ಕೆಲಸ ಬಿಟ್ಟು ಮನೇಲಿ ಕೂತೆ ಅಂತ ಬೇಜಾರಾಗಿ ಮಾತು ಬಿಟ್ಟಿದ್ದೀಯ ಅಂದ್ಕೊಂಡಿದ್ದೆ. ಕೇಳೋಕೆ ಭಯ ಆಗ್ತಿತ್ತು."