ಗೋಡೆಯೊಳಗಿನ ಕೊಸಿಡಿಯಸ್

ನಾರ್ತಂಬರ್ಲೆಂಡಿನ ನಮ್ಮ ಕಣಿವೆಯಲ್ಲಿ ಗಾರೆಯಿಲ್ಲದೆ ಕಲ್ಲುಗೋಡೆ ಕಟ್ಟುವವರಿಗೆ ಒಂದು ಕಟ್ಟುಪಾಡಿದೆ. ಕೈಗೆತ್ತಿಕೊಂಡ ಕಲ್ಲನ್ನು ಮತ್ತೆ ನೆಲಕ್ಕಿಡಬಾರದು, ಅದಕ್ಕೊಂದು ಜಾಗ ಹುಡುಕಲೇಬೇಕು. ಯಾಕೆ ಎಂದು ಕೇಳಿದರೆ ಬೈಯುತ್ತಾರೆ. ವಿಲ್ಫ್ ಹೆಸ್ಲಪ್ ಇದಕ್ಕೆ ಎಂದೂ ತಪ್ಪಿದವನಲ್ಲ. ಕುರಿಗಾವಲಿನ ಗೋಡೆ ಕಟ್ಟುವಾಗ ಕೈಗೆ ಬಂದ ಚೌಕದ ಕಲ್ಲೊಂದು ಎಲ್ಲೂ ಕೂರದಾಗ ಅದನ್ನು ಸುತ್ತಿಗೆಯಿಂದ ಒಡೆದ. ಮಣ್ಣು ಉದುರಿ, ಒಂದು ಹೋಳಿನ ಮೇಲೆ ಕೆತ್ತಿದ ಅಕ್ಷರಗಳು ಕಂಡವು. ಗಾಬರಿಯಲ್ಲಿ ಎರಡೂ ಹೋಳನ್ನು ಗೋಡೆಯ ಹೊಟ್ಟೆಗೆ ತುಂಬಿಬಿಟ್ಟ.

ಆ ವಾರವೇ ಪಬ್ಬಿನಲ್ಲಿ ಶಾಲೆಯ ಮೇಷ್ಟರು ಒಂದು ಹೆಸರನ್ನು ಬರೆದು ತೋರಿಸಿದರು. ಅವೇ ಅಕ್ಷರಗಳು.

"ಕೊಸಿಡಿಯಸ್ ಅಂತ. ರೋಮನ್ನರ ಕಾಲದಲ್ಲಿ ಈ ಕಡೆಯ ದೇವರು. ಈಗ ಹೆಸರೂ ಯಾರಿಗೂ ಗೊತ್ತಿಲ್ಲ. ಇಂಥ ಕಲ್ಲೇನಾದ್ರೂ ಕಂಡಿದ್ಯಾ ವಿಲ್ಫ್?"

"ಇಲ್ಲ ಮೇಷ್ಟ್ರೇ," ಅಂದ ವಿಲ್ಫ್. ಅರ್ಧ ಬಿಯರು ಅಲ್ಲೇ ಬಿಟ್ಟು ಎದ್ದು ಮನೆಗೆ ಹೊರಟ.

ಚಳಿಗಾಲದ ಹಿಮಕ್ಕೆ ಗೋಡೆ ಸರಿಯಾಗಿ ಅಲ್ಲೇ ಕುಸಿಯಿತು. ಮತ್ತೆ ಕಟ್ಟುವಾಗ ಆ ಅಕ್ಷರದ ಹೋಳೇ ಕೈಗೆ ಬಂತು. ಮೇಷ್ಟರ ಮನೆಗೆ ಒಯ್ಯಬಹುದಿತ್ತು. ಆದರೆ ಒಡೆದವರು ಯಾರು ಎಂದು ಅವರು ಕೇಳದೆ ಬಿಡುತ್ತಿರಲಿಲ್ಲ. ಅಕ್ಷರಗಳನ್ನು ಒಳಮುಖ ಮಾಡಿ ಅದನ್ನು ಅಲ್ಲೇ ಕೂರಿಸಿದ.

ಅಂದಿನಿಂದ ಆ ಗೋಡೆಯ ಪಕ್ಕ ಹಾಯುವಾಗಲೆಲ್ಲ ಟೋಪಿ ತೆಗೆಯುತ್ತಾನೆ.

"ಪಾದ್ರಿ ಎದುರಿಗೆ ಬಂದ್ರೂ ಟೋಪಿ ತೆಗೆಯೋನಲ್ಲ ನೀನು," ಎಂದು ಹೆಂಡತಿ ಈನಾ ಒಂದು ಭಾನುವಾರ ಛೇಡಿಸಿದಳು. "ಇಲ್ಲಿ ಯಾರಿಗೆ ಮರ್ಯಾದೆ, ಕುರಿಗಳಿಗಾ?"

"ಸುಮ್ನೆ ನಡಿಯೇ," ಅಂದ ವಿಲ್ಫ್. "ಒಳಗೊಬ್ರು ಇದಾರೆ. ನಾನೇ ಕೂಡಿಹಾಕಿರೋದು."