ವರ್ವಾರಾಳ ಮೀನೂ ಗವ್ರೀಲನ ಮರಿಯೂ

ಉತ್ತರದ ಹಿಮನಾಡಿನಲ್ಲಿ, ಇಂಡಿಗಿರ್ಕಾ ಹೊಳೆಯ ದಂಡೆಯ ಆ ಊರಿನಲ್ಲಿ ವರ್ವಾರಾಳ ಬಾಯಿಗೆ ಹೆದರದವರಿಲ್ಲ. ಅವಳನ್ನು ದೂರಿ ಪ್ರಯೋಜನವಿಲ್ಲ. ಗವ್ರೀಲನಂಥ ಗಂಡನನ್ನು ಕಟ್ಟಿಕೊಂಡರೆ ಯಾವ ಹೆಂಗಸಾದರೂ ಹಾಗೇ ಆಗುತ್ತಾಳೆ. ನೆಲದಲ್ಲಿ ಹೂತ ಹಳೇ ಕಾಲದ ಮ್ಯಾಮತ್ ಆನೆಯ ದಂತ ತರುತ್ತೇನೆಂದು ಹೋದ ಮಹಾರಾಯ, ಕುಸಿದ ದಂಡೆಯೊಳಗೆ ಹೆಪ್ಪುಗಟ್ಟಿದ್ದ ಯಾವುದೋ ಮರಿಯನ್ನು ಎತ್ತಿಕೊಂಡು ಬಂದ. ತಂದಿಟ್ಟದ್ದಾದರೂ ಎಲ್ಲಿ? ಅವಳ ಹಿಮದ ನೆಲಮಾಳಿಗೆಯಲ್ಲಿ, ಚಳಿಗಾಲಕ್ಕೆಂದು ಕೂಡಿಟ್ಟ ಮೀನಿನ ಪಕ್ಕ!

"ಹೆಣ ಇಡೋಕೆ ನನ್ನ ಮೀನಿನ ಪಕ್ಕಾನೇ ಬೇಕಿತ್ತಾ? ಬಾಲದವನ ಮರಿ ಆಗಿದ್ರೆ ಈಗಲೇ ಹೊಳೆಗೆ ಎಸೀತೀನಿ, ನೋಡು!"

ಅಲ್ಲಿ ತೋಳವನ್ನು ಹೆಸರು ಹಿಡಿದು ಕರೆಯುವುದಿಲ್ಲ, ಬಾಲದವನು ಎನ್ನುತ್ತಾರೆ. ಹಿಂದಿನ ವರ್ಷವಷ್ಟೇ ಬಾಲದವನು ಅವಳ ಕುದುರೆಮರಿಗಳನ್ನು ಹರಿದು ತಿಂದಿದ್ದ.

"ನಾಯಿ ಕಣೇ ಮಾರಾಯ್ತಿ, ಹಳೇ ಕಾಲದ ನಾಯಿ. ಪರೀಕ್ಷೆಗೆ ಅಂತ ಪಟ್ಟಣಕ್ಕೆ ಕೂದಲು ಕಳಿಸಿದೀನಿ. ಪಟ್ಟಣದೋರು ಬಂದು ಒಯ್ಯೋವರೆಗೆ ಕರಗದಂಗೆ ನೋಡ್ಕೋ, ಸಾಕು."

"ನಿಮ್ಮಪ್ಪನಾಣೆಗೂ?"

"ನಮ್ಮಪ್ಪನಾಣೆಗೂ ನಾಯೀನೇ."

ಪಟ್ಟಣದವರ ಹೆಲಿಕಾಪ್ಟರು ಇಂದು ಬಂತು, ನಾಳೆ ಬಂತು ಎನ್ನುವುದರಲ್ಲೇ ಬೇಸಿಗೆ ಏರಿ ನೆಲಮಾಳಿಗೆಗೆ ಹೊಳೆಯ ನೀರು ನುಗ್ಗಿತು. ಗವ್ರೀಲ ಊರಲ್ಲಿಲ್ಲ, ಇನ್ನೇನು! ಊರಿನ ಅಂಗಡಿಯ ಫ್ರೀಜರಿನಲ್ಲಿ ಒಂದೇ ಮೂಲೆ ಖಾಲಿ, ಮೀನಿಗೋ ಮರಿಗೋ ಒಂದಕ್ಕಷ್ಟೇ ಜಾಗ. ಮೀನನ್ನು ಮತ್ತೆ ಹಿಡಿಯಬಹುದು, ನಾಯಿಮರಿಯನ್ನು ನೀರಲ್ಲಿ ಬಿಡುವುದು ಹೇಗೆ? ಗಂಡನ ವಂಶವನ್ನೆಲ್ಲ ಜಾಲಾಡುತ್ತ ಅವಳು ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅಂಗಡಿಗೆ ಓಡಿದಳು. ಮೀನೆಲ್ಲ ಕೊಳೆತುಹೋಯಿತು.

ಕೊನೆಗೂ ಪಟ್ಟಣದಿಂದ ಲೀದಿಯಾ ಎಂಬ ವಿಜ್ಞಾನಿ ಬಂದಿಳಿದು ಅಂಗಡಿಯ ಫ್ರೀಜರಿನ ಬಳಿಗೆ ಬಂದಳು. "ಕೂದಲು ಪರೀಕ್ಷೆ ಆಯ್ತು ಅಕ್ಕಾ. ಇದು ನಾಯಿ ಅಲ್ಲ, ತೋಳ."

ಅಷ್ಟರಲ್ಲಿ ಊರಿಗೆ ಮರಳಿದ್ದ ಗವ್ರೀಲ ತನ್ನ ಬೂಟುಗಳನ್ನು ನೋಡತೊಡಗಿದ.

"ಗೊತ್ತಿತ್ತು ನಿಂಗೆ! ಅಪ್ಪನಾಣೆ ಇಟ್ಟ ಬಾಯಿಗೆ ಮಣ್ಣು ಹಾಕ! ಚಳಿಗಾಲದಲ್ಲಿ ಏನು ತಿಂತೀಯೋ, ಇವನ ಬಾಲಾನಾ? ನನ್ನ ಕುದುರೆಮರಿ ತಿಂದೋರ ಮುತ್ತಜ್ಜನಿಗೆ ನಾನೇ ಕಂಬಳಿ ಹೊದಿಸಿದ್ನಲ್ಲೋ!"

"ಈಗಿನ ತೋಳಗಳ ಅಜ್ಜನೂ ಅಲ್ಲ ಅಕ್ಕಾ," ಎಂದಳು ಲೀದಿಯಾ. "ನಾಯಿಗಳ ಅಜ್ಜನೂ ಅಲ್ಲ. ಇದು ತೋಳಗಳದ್ದೇ ಬೇರೆ ಕವಲು. ಹಿಮಯುಗದ ಜೊತೆಗೇ ಮುಗಿದುಹೋಯ್ತು. ಇದರ ಪೈಕಿ ಅಂತ ಈಗ ಯಾರೂ ಇಲ್ಲ."

ವರ್ವಾರಾ ಮರಿಯ ಮುಖದ ಮೇಲಿನ ಕಂಬಳಿಯನ್ನು ಸರಿಸಿ ನೋಡಿದಳು.

"ಒಬ್ಬರೂ ಇಲ್ವಾ?"

"ಒಬ್ಬರೂ ಇಲ್ಲ."

ಲೀದಿಯಾ ಮರಿಯನ್ನು ಎತ್ತಲು ಬಗ್ಗಿದಳು.

"ಇತ್ಲಾಗೆ ಬಿಡು," ಎಂದು ವರ್ವಾರಾ ಗದರಿದಳು. ಮರಿಯ ಹೊಟ್ಟೆಯಡಿ ಕೈಯಿಟ್ಟು ಅದನ್ನು ಎದೆಗೆ ಒತ್ತಿಕೊಂಡು, ಗಂಡನನ್ನು ಬೈಯುತ್ತಲೇ ಹೆಲಿಕಾಪ್ಟರಿನವರೆಗೂ ತಾನೇ ಹೊತ್ತು ನಡೆದಳು.