ಜಿಮ್ಮಿನ ಕಾಕ

ಮೊನ್ನೆ ಅತ್ತಿಗೆ ಹೊಸ ಯೋಗದ ಚಾಪೆಯ ಸುರುಳಿ ಬಿಚ್ಚಿದಾಗ ಮನೆಯಿಡೀ ರಬ್ಬರಿನ ವಾಸನೆ ತುಂಬಿತು. ಅವಳು ಮೂಗು ಮುಚ್ಚಿಕೊಂಡಳು. ನಾನು ಗಾಲಿಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿಕೊಂಡೆ. ಪುತ್ತೂರಿನ ಕಾಕನ ಜಿಮ್ಮಿನ ಬಾಗಿಲು ದಾಟಿದೊಡನೆ ಮೂಗಿಗೆ ಬಡಿಯುತ್ತಿದ್ದದ್ದು ಇದೇ ವಾಸನೆ...

ರಾಮಕುಂಜದ ಹತ್ತಿರ ತಿರುವಿನಲ್ಲಿ ಬೈಕು ಜಾರಿ ನನ್ನ ಬೆನ್ನುಹುರಿಗೆ ಏಟಾದಾಗ ಮನೆಯಲ್ಲಿ ನನ್ನ ಮದುವೆಯ ಮಾತುಕತೆ ನಡೆಯುತ್ತಿತ್ತು. ಸೊಂಟದಿಂದ ಕೆಳಗೆ ಸ್ಪರ್ಶವೇ ಹೋಯಿತು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಅಪ್ಪನೇ ಎತ್ತಿಕೊಂಡು ಹೋಗಬೇಕು. ಬೆಳೆದ ಮಗ ಅಪ್ಪನ ಕುತ್ತಿಗೆಗೆ ಜೋತುಬಿದ್ದು... ಆ ಹೊತ್ತಿನಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ತೋಳಿಗೆ ಬಲ ಬಂದರೆ ಕುರ್ಚಿಗೆ ನಾನೇ ದಾಟಿಕೊಳ್ಳಬಹುದೆಂದು ಡಾಕ್ಟರು ಹೇಳಿದ್ದರು. ಮೊದಲು ಹೋದ ಜಿಮ್ಮಿನವರು ಮೆಟ್ಟಿಲ ಮೇಲೆಯೇ ನಿಂತು, "ನಿಮಗೆ ಏನಾದ್ರೂ ಆದ್ರೆ ನಮ್ಮ ತಲೆಗೆ ಬರ್ತದೆ" ಎಂದು ಕಳಿಸಿಬಿಟ್ಟರು.

ಕಾಕ ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರು; ಅವರಲ್ಲಿ ಹಿರಿಯರನ್ನು ಕರೆಯುವ ಹಾಗೆ ಊರೆಲ್ಲ ಅವರನ್ನು ಕಾಕ ಎನ್ನುತ್ತಿತ್ತು. ಗಲ್ಫಿನ ಜಿಮ್ಮೊಂದರಲ್ಲಿ ದುಡಿದು ಊರಿಗೆ ಮರಳಿದವರು. ಬಿಳಿ ಗಡ್ಡ, ಕಲ್ಲಿನಂಥ ತೋಳು. ಅವರ ಬಾಗಿಲಲ್ಲೂ ಎತ್ತರದ ಮೆಟ್ಟಿಲಿತ್ತು. ನಾನು ಅದರ ಕೆಳಗೆ ಕುರ್ಚಿ ನಿಲ್ಲಿಸಿದ್ದನ್ನು ಕಂಡು ಹೊರಗೆ ಬಂದರು.

"ಎಂತ ಮಾರಾಯ, ಹೀಗೆ ಹೊರಗೆ ಕೂತ್ರೆ ಮೈ ಬೆಳಿತದಾ?"

ಮುಂದಿನ ವಾರ ಹೋಗುವಷ್ಟರಲ್ಲಿ ಮೆಟ್ಟಿಲಿನ ಜಾಗದಲ್ಲಿ ಸಿಮೆಂಟಿನ ಇಳಿಜಾರು. ಒಳಗೆ ಯಂತ್ರಗಳ ನಡುವೆ ಕುರ್ಚಿ ತಿರುಗುವಷ್ಟು ಎಡೆ. ಬೆಂಚಿನಿಂದ ಜಾರದ ಹಾಗೆ ಸೊಂಟಕ್ಕೆ ಬಿಗಿಯಲು ಅಗಲದ ಪಟ್ಟಿಯೊಂದನ್ನೂ ಹೊಲಿಸಿ ಇಟ್ಟಿದ್ದರು.

ದಿನಾ ಬರುವ ಒಬ್ಬ ಗೊಣಗಿದ. "ಇದು ಜಿಮ್ಮಾ, ಆಸ್ಪತ್ರೆಯಾ ಕಾಕ?"

ಕಾಕ ಸ್ವರ ಏರಿಸಲಿಲ್ಲ. "ನೀನು ಬಂದದ್ದು ತೋಳು ಗಟ್ಟಿ ಮಾಡ್ಲಿಕ್ಕಲ್ವಾ? ಅವನೂ ಅದಕ್ಕೇ. ನಿಂದು ಅಂಗಿಯಲ್ಲಿ ಚಂದ ಕಾಣ್ಲಿಕ್ಕೆ. ಅವನ ತೋಳಿಗೆ ಕೆಲಸ ಉಂಟು."

ಒಂದು ಬೆಳಿಗ್ಗೆ ಅಪ್ಪ ಬರುವ ಮೊದಲೇ ನಾನು ಹಾಸಿಗೆಯಿಂದ ಕುರ್ಚಿಗೆ ದಾಟಿ ಕೂತಿದ್ದೆ. ಅಪ್ಪ ಬಾಗಿಲಲ್ಲೇ ನಿಂತರು. ಆಮೇಲೆ ಅಂಗಳಕ್ಕೆ ಹೋಗಿ ತುಂಬಾ ಹೊತ್ತು ಮುಖ ತೊಳೆದರು. ಸುದ್ದಿ ಕೇಳಿದ ಕಾಕ ಜಿಮ್ಮಿನವರಿಗೆಲ್ಲ ಶರಬತ್ತು ಕುಡಿಸಿದರು.

ಅಂಥ ಕಾಕನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಎರಡೂ ಸೋತವು. ಅಳಿಯ ಜಿಮ್ಮು ನೋಡಿಕೊಳ್ಳತೊಡಗಿದ. ಕಾಕ ಮನೆಯಿಂದ ಹೊರಗೆ ಬರಲೇ ಇಲ್ಲ. ಕರೆಯಲು ನಾನೇ ಹೋದೆ.

"ಇಳಿಜಾರು ಉಂಟು, ಪಟ್ಟಿ ಉಂಟು. ಬನ್ನಿ ಕಾಕ, ಒಟ್ಟಿಗೆ ಮಾಡುವ."

ಅವರ ಮಾತು ತೊದಲುತ್ತಿತ್ತು. "ಅಲ್ಲಿಯವರು ನಿನ್ನನ್ನು ನೋಡಿದ್ದೇ ಕುರ್ಚಿಯಲ್ಲಿ. ನನ್ನನ್ನು ಹಾಗೆ ನೋಡಿದ್ದಲ್ಲ, ಮಾರಾಯ."

ಮತ್ತೆ ಮತ್ತೆ ಕರೆದ ಮೇಲೆ ಒಂದು ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು ನೋಡಿ ಜಿಮ್ಮಿಗೆ ಬಂದರು. ಎಲ್ಲಕ್ಕಿಂತ ಚಿಕ್ಕ ಡಂಬೆಲ್ಲನ್ನು ಅವರ ಬಲ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿ ಹಿಡಿದೆ. ನಾನು ಕೈಬಿಟ್ಟೊಡನೆ ಅದು ನೆಲಕ್ಕೆ ಬಿತ್ತು.

"ಇನ್ನೊಮ್ಮೆ" ಎಂದೆ, ಅವರು ನನಗೆ ಹೇಳುತ್ತಿದ್ದ ಧಾಟಿಯಲ್ಲೇ.

ಕಾಕ ಎದುರಿನ ಕನ್ನಡಿಯನ್ನು ನೋಡಿದರು. "ಸಾಕು. ಮನೆಗೆ ಹೋಗುವ."

ಮತ್ತೆ ಬರಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಎಷ್ಟೋ ಜನರಿಗೆ ಬಾಗಿಲು ತೆರೆದವರಿಗೆ ಅದೇ ಬಾಗಿಲಿನಿಂದ ಒಳಬರುವುದು ಯಾಕಷ್ಟು ಕಷ್ಟವಾಯಿತೋ...

ಅಲ್ಲೀಗ ಚಪ್ಪಲಿ ಅಂಗಡಿಯಿದೆ. ಪುತ್ತೂರಿನಲ್ಲಿ ನಾನು ಕಂಡ ಹೊಸ ಜಿಮ್ಮುಗಳೆಲ್ಲ ಮಹಡಿಯ ಮೇಲೆ. ಕಳೆದ ವಾರ ಅಂಥ ಒಂದರ ಕೆಳಗೆ ಸ್ವಲ್ಪ ಹೊತ್ತು ಕೂತಿದ್ದೆ. ಮೇಲಿನಿಂದ ಇಳಿದು ಬಂದ ಹುಡುಗಿಯೊಬ್ಬಳು ನನ್ನನ್ನು ಕಂಡು ನಿಂತಳು.

"ಯಾರನ್ನಾದ್ರೂ ಕಾಯ್ತಾ ಇದ್ದೀರಾ, ಅಂಕಲ್?"

"ಇಲ್ಲಮ್ಮ" ಎಂದೆ. "ಅವರು ಇನ್ನು ಬರುದಿಲ್ಲ."